ಮಗಳ ಹೆಸರಿನ ಲ್ಯಾಪ್‌ಟಾಪ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಡಂತ್ಯಾರು ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಇಪ್ಪತ್ತಾರು ವರ್ಷ ಒಂದೇ ಕೋಣೆಯ ಅಂಗಡಿಯಲ್ಲಿ ಕುಳಿತು ಊರವರ ಅರ್ಜಿ, ಕರಾರುಪತ್ರ, ಮದುವೆ ಕಾಗದ, ಉತ್ತರಕ್ರಿಯೆ ಕಾಗದ ಎಲ್ಲ ಟೈಪ್ ಮಾಡಿಕೊಟ್ಟವಳಿಗೆ ಸಿಟ್ಟು ಬಾರದೆ ಮತ್ತೆ ಯಾರಿಗೆ ಬರಬೇಕು? ಮದುವೆ ಕಾಗದದಲ್ಲಿ ಸೋದರಮಾವನ ಹೆಸರು ಮೇಲೆ ಬರಬೇಕೋ ಅಪ್ಪನದ್ದೋ ಎಂದು ನನ್ನ ಬೆನ್ನ ಹಿಂದೆ ನಿಂತು ಜಗಳವಾಡಿದವರನ್ನು, "ಮೊದಲು ಹೊರಗೆ ಹೋಗಿ ತೀರ್ಮಾನ ಮಾಡಿ ಬನ್ನಿ" ಎಂದು ಎಬ್ಬಿಸಿ ಕಳುಹಿಸಿದ್ದೂ ಉಂಟು.

ನನ್ನ ಕೆಲಸದ ಕ್ರಮ ಹೀಗೆ: ಬಂದವರು ಹೇಳುವುದು ತುಳುವಿನಲ್ಲಿ, ನಾನು ಹೊಡೆಯುವುದು ಕನ್ನಡದಲ್ಲಿ, ಅದೂ ಅವರು ಹೇಳುತ್ತಿರುವಾಗಲೇ. ಒಬ್ಬರು ನೆರೆಮನೆಯವನ ಏಳು ತಲೆಮಾರಿಗೆ ಬೈದು ಮುಗಿಸುವಷ್ಟರಲ್ಲಿ ಕಂಪ್ಯೂಟರಿನಲ್ಲಿ, "ಮಾನ್ಯರೇ, ತೋಡಿನ ನೀರು ನನ್ನ ಅಂಗಳಕ್ಕೆ ನುಗ್ಗುತ್ತಿರುವುದನ್ನು ತಮ್ಮ ಗಮನಕ್ಕೆ ತರುತ್ತೇನೆ" ಎಂದು ಮೂಡಿರುತ್ತಿತ್ತು. ಬೈಗುಳ ನನ್ನ ಕಿವಿಯಲ್ಲೇ ಉಳಿಯುತ್ತಿತ್ತು. ಕೀಲಿಮಣೆ ನೋಡದೆ ಹೊಡೆಯುತ್ತೇನೆ. ಯಾವ ಅಕ್ಷರ ಎಲ್ಲಿದೆ ಎಂದು ಕೇಳಿದರೆ ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಬೆರಳಿಗೆ ಗೊತ್ತು.

ಹೆದ್ದಾರಿ ಅಗಲ ಮಾಡುವವರು ಬಂದು ನಮ್ಮ ಕಟ್ಟಡದ ಗೋಡೆಗೆ ಕೆಂಪು ಗುರುತು ಹಾಕಿಹೋದರು. ಕಟ್ಟಡ ನಮ್ಮೂರಿನ ಒಬ್ಬರು ಮುಸ್ಲಿಂ ವ್ಯಾಪಾರಿಯದ್ದು, ಬ್ಯಾರಿಗಳು ಎಂದೇ ಎಲ್ಲರೂ ಅವರನ್ನು ಕರೆಯುವುದು. ಅವರ ದಿನಸಿ ಅಂಗಡಿಯೂ ಅದರಲ್ಲೇ ಇತ್ತು. ಒಳರಸ್ತೆಯಲ್ಲಿ ಅವರು ಸಣ್ಣ ಜಾಗ ಹಿಡಿದರು. ನನ್ನನ್ನು ಬಿಟ್ಟುಹೋಗುವ ಮನಸ್ಸು ಅವರಿಗಿರಲಿಲ್ಲ.

"ಅಕ್ಕ, ತಕ್ಕಡಿಯ ಪಕ್ಕದಲ್ಲಿ ಒಂದು ಕುರ್ಚಿ, ಒಂದು ಹಲಗೆ ಹಾಕಿಕೊಡ್ತೇನೆ. ಆದ್ರೆ ನಿಮ್ಮ ಆ ಟೀವಿ, ಆ ಪೆಟ್ಟಿಗೆ, ಆ ಬ್ಯಾಟರಿ ಇಡ್ಲಿಕ್ಕೆ ಜಾಗ ಇಲ್ಲ. ನೀವು ಬನ್ನಿ, ಅದು ಬೇಡ."

ನನ್ನ ಡೆಸ್ಕ್‌ಟಾಪನ್ನು ಅವರು ಟೀವಿ ಎಂದದ್ದಕ್ಕೆ ಅರ್ಧ ದಿನ ಮಾತು ಬಿಟ್ಟೆ. ಆದರೆ ಆ ಮುದಿ ಯಂತ್ರ ನನ್ನ ಮಾನವನ್ನೂ ಉಳಿಸಲಿಲ್ಲ. ರಿಕ್ಷಾದಲ್ಲಿ ಮನೆಗೆ ಸಾಗಿಸಿದ ಮೇಲೆ ಎಷ್ಟು ಗುದ್ದಿದರೂ ಎದ್ದೇಳಲಿಲ್ಲ. ನನ್ನ ಟೈಪಿಂಗ್ ಸಾಫ್ಟ್‌ವೇರ್, ಹಳೆಯ ಕಾಗದಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿ ಇದ್ದವು, ಅಷ್ಟೇ ಪುಣ್ಯ. ಕಡಿಮೆ ಬೆಲೆಯ ಒಂದು ಲ್ಯಾಪ್‌ಟಾಪ್ ತರಬೇಕು, ಇಲ್ಲವಾದರೆ ಅಂಗಡಿ ಮುಚ್ಚಬೇಕು. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ತೀರಿಕೊಂಡ ಅಮ್ಮ ಬಿಟ್ಟುಹೋದ ಮನೆಯಲ್ಲಿ ನಾನು ಒಬ್ಬಳೇ.

ಲ್ಯಾಪ್‌ಟಾಪ್ ಎಂದರೆ ಮೂಡುಬಿದಿರೆ. ಅಲ್ಲಿ ಕಾಲೇಜುಗಳಿವೆ, ಊರೂರಿನ ಮಕ್ಕಳಿದ್ದಾರೆ, ಅವರಿಗೆ ಬೇಕಾದ ಅಂಗಡಿಗಳೂ ಇವೆ. ಗುರುವಾಯನಕೆರೆಯಲ್ಲಿ ಇಳಿದು ವೇಣೂರಿನ ಮೇಲೆ ಹೋಗುವ ಬಸ್ಸು ಹತ್ತಿ ಮಧ್ಯಾಹ್ನ ಹೋಗಿ ತಲುಪಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ನುಗ್ಗಿದರೆ ಒಳಗೆ ಬ್ಯಾಗು ಹಾಕಿದ ಹುಡುಗ ಹುಡುಗಿಯರೇ. ಕೌಂಟರಿನಲ್ಲಿ ನಲವತ್ತರ ಆಸುಪಾಸಿನ ಯಜಮಾನ. ನನ್ನ ನರೆತ ತಲೆ, ಕೈಯಲ್ಲಿದ್ದ ಬಟ್ಟೆಚೀಲ ನೋಡಿ ನಗುತ್ತ ಕೇಳಿದ.

"ಬನ್ನಿ ಅಮ್ಮ. ಮಗನಿಗಾ, ಮಗಳಿಗಾ?"

ನನಗೇ ಎಂದು ಹೇಳಿದ್ದರೆ ಮುಗಿದಿತ್ತು. ಆದರೆ ಪಕ್ಕದ ಹುಡುಗಿಯರು ತಿರುಗಿ ನೋಡಿದರು. ಆತ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಮರ್ಯಾದೆಯಿಂದಲೇ ಕೇಳಿದ್ದ. ನನಗೇ ಏನಾಯಿತೋ ಕಾಣೆ.

"ಮಗಳಿಗೆ," ಎಂದೆ.

ನನಗೆ ಮಗಳಿಲ್ಲ. ಮದುವೆಯೇ ಆಗಿಲ್ಲ. ಒಂದೆರಡು ಸಂಬಂಧ ಬಂದು ತಪ್ಪಿದವು, ಆಮೇಲೆ ಅಮ್ಮ ಹಾಸಿಗೆ ಹಿಡಿದರು, ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದರ ಬಗ್ಗೆ ಅತ್ತುಕೊಂಡು ಕೂತವಳಲ್ಲ ನಾನು. ಊರಿನ ಅರ್ಧ ಮದುವೆ ಕಾಗದ ನಾನೇ ಹೊಡೆದಿದ್ದೇನೆ, ಊಟಕ್ಕೂ ಹೋಗಿದ್ದೇನೆ. ಆದರೂ ಆ ಹೊತ್ತು ಬಾಯಿಂದ ಆ ಮಾತು ಜಾರಿತು.

"ಇಂಜಿನಿಯರಿಂಗಾ, ಡಿಗ್ರಿಯಾ?"

"ಡಿಗ್ರಿ. ಬಿಕಾಂ."

"ಹಾಗಾದ್ರೆ ಜಾಸ್ತಿ ಖರ್ಚು ಮಾಡುವುದು ಬೇಡ ಅಮ್ಮ. ಇದು ನೋಡಿ, ಹಗುರ ಉಂಟು, ಚಾರ್ಜು ದಿನವಿಡೀ ಬರ್ತದೆ. ನೋಟ್ಸಿಗೆ, ಕ್ಲಾಸಿಗೆ ಧಾರಾಳ ಸಾಕು. ಎಲ್ಲ ನೆಟ್ಟಿನಲ್ಲೇ ಓಡುವುದು. ಅವರ ಹಾಸ್ಟೆಲಿನಲ್ಲಿ ವೈಫೈ ಉಂಟಲ್ಲ?"

"ಉಂಟು."

ಒಂದು ಸುಳ್ಳಿಗೆ ನೂರು ಸುಳ್ಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಲ್ಲದ ಮಗಳಿಗೆ ಕಾಲೇಜು ಕೊಟ್ಟೆ, ಹಾಸ್ಟೆಲ್ ಕೊಟ್ಟೆ, ವೈಫೈಯನ್ನೂ ಕೊಟ್ಟೆ. ನನ್ನ ಪೆನ್‌ಡ್ರೈವ್ ಬಟ್ಟೆಚೀಲದ ತಳದಲ್ಲಿ ಸುಮ್ಮನೆ ಬಿದ್ದಿತ್ತು.

"ಬಿಲ್ಲು ಮಗಳ ಹೆಸರಿಗೇ ಮಾಡುವ. ವಾರಂಟಿಗೆ ಅದೇ ಒಳ್ಳೆಯದು. ಹೆಸರು ಎಂತದು?"

ಒಂದು ಕ್ಷಣವೂ ಯೋಚಿಸದೆ ಹೇಳಿದೆ. ಆ ಹೆಸರು ಅಲ್ಲಿ ಹೊಳೆದದ್ದಲ್ಲ. ಅಂಗಡಿ ತೆರೆದ ಹೊಸತರಲ್ಲಿ ಯಾರೋ ಮಗುವಿನ ನಾಮಕರಣದ ಕಾಗದ ಮಾಡಿಸಲು ಬಂದಾಗ ಹೊಡೆದ ಹೆಸರು ಅದು. ನನಗೆ ಬಹಳ ಹಿಡಿಸಿತ್ತು. ಮುಂದೆ ಮಗಳು ಹುಟ್ಟಿದರೆ ಇದೇ ಇಡುತ್ತೇನೆ ಎಂದು ಆಗ, ಇಪ್ಪತ್ತೈದರ ವಯಸ್ಸಿನಲ್ಲಿ, ಅಂದುಕೊಂಡಿದ್ದೆ. ಆಮೇಲೆ ಹೊಸ ಅಕ್ಷರಶೈಲಿ ಬಂದಾಗಲೆಲ್ಲ ಹೇಗೆ ಕಾಣುತ್ತದೆಂದು ನೋಡಲು ಹೊಡೆಯುತ್ತಿದ್ದುದು ಅದನ್ನೇ. ಹೊಡೆದು, ನೋಡಿ, ಅಳಿಸಿಬಿಡುತ್ತಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳಿದ್ದಿಲ್ಲ. ಮೊದಲ ಸಲ ಹೇಳಿದ್ದು ಆ ಕೌಂಟರಿನಲ್ಲಿ.

"ಹತ್ತು ನಿಮಿಷ ಕೂತುಕೊಳ್ಳಿ ಅಮ್ಮ, ತೆರೆದು ತೋರಿಸ್ತೇನೆ," ಎಂದ ಯಜಮಾನ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟ ಆಗಬೇಕು. ಅಮ್ಮ ಇದ್ದಾಗ ನಡೆದುಬಂದ ಕ್ರಮವನ್ನು ಒಬ್ಬಳೇ ಆದ ಮೇಲೂ ಬಿಟ್ಟಿಲ್ಲ. ಹಿಂದೆ ಹೋಗುವ ಬಸ್ಸು ಹೊರಡುವ ಹೊತ್ತಾಗಿತ್ತು, ಅದು ತಪ್ಪಿದರೆ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು, ಮತ್ತೆ ಖಾಲಿ ಹೊಟ್ಟೆಯಲ್ಲಿ ಮಲಗಬೇಕು.

"ಬೇಡ, ಮಗಳಿಗೆ ಎಲ್ಲ ಗೊತ್ತುಂಟು," ಎಂದು ಹೊರಟುಬಂದೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಾಗ, ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸಂತೋಷವಾಯಿತು. ವೇಣೂರಿನವರೆಗೂ ಹಾಗೇ ಇತ್ತು.

ಮರುದಿನ ತಕ್ಕಡಿಯ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತೆ. ಮೊದಲ ಗಿರಾಕಿ ಬೀಡಿ ಕಟ್ಟುವ ಒಬ್ಬಳು ಹೆಂಗಸು. ಗಂಡ ತೀರಿಹೋಗಿ ಆರು ತಿಂಗಳಾಗಿತ್ತು. ಮನೆಯ ಕರೆಂಟಿನ ಮೀಟರು ಅವನ ಹೆಸರಿನಲ್ಲಿತ್ತು, ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಬೇಕಿತ್ತು. "ಗಂಡನಿದ್ದಾಗ ನನ್ನ ಹೆಸರು ಎಲ್ಲಿಯೂ ಇರಲಿಲ್ಲ ಅಕ್ಕ. ಒಂದು ಕಾಗದದಲ್ಲಾದ್ರೂ ಇರಲಿ," ಎಂದಳು.

ಪೆನ್‌ಡ್ರೈವ್ ಸಿಕ್ಕಿಸಿದೆ. ಸಾಫ್ಟ್‌ವೇರ್ ಹತ್ತಲೇ ಇಲ್ಲ. ಹಳೆಯ ಅರ್ಜಿಯೊಂದನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ಬಾಲ, ಕೊಂಬು, ಚುಕ್ಕೆ ಇಟ್ಟ ಇಂಗ್ಲಿಷ್ ಅಕ್ಷರಗಳ ರಾಶಿ. ಇಪ್ಪತ್ತಾರು ವರ್ಷದ ಕೆಲಸ ಕಸದ ಹಾಗೆ ಕಣ್ಣ ಮುಂದೆ ಬಿದ್ದಿತ್ತು. ಲ್ಯಾಪ್‌ಟಾಪಿನಲ್ಲೇ ಇದ್ದ ಕನ್ನಡದಲ್ಲಿ ಹೊಡೆಯೋಣವೆಂದರೆ ಬೆರಳು ಒಂದು ಕಡೆ ಹೋದರೆ ಅಕ್ಷರ ಇನ್ನೊಂದು ಬರುತ್ತದೆ. ಅಕ್ಕಿಮೂಟೆಗಳ ನಡುವೆ ನೆಟ್ಟು ಬೇರೆ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಹಲಗೆ ಡೊಂಕಾಗಿದೆ ಎಂದು ಬ್ಯಾರಿಗಳ ಮೇಲೆ ಹರಿಹಾಯ್ದೆ. ಅವರು ಪಾಪ, ಹಲಗೆಯ ಕೆಳಗೆ ರಟ್ಟು ಮಡಚಿ ಇಟ್ಟರು.

ಮೂಡುಬಿದಿರೆಯ ಅಂಗಡಿಗೆ ಫೋನ್ ಮಾಡಿದೆ.

"ಅದರಲ್ಲಿ ಹಳೆಯ ಸಾಫ್ಟ್‌ವೇರ್ ಹಾಕ್ಲಿಕ್ಕೆ ಆಗುವುದಿಲ್ಲ ಅಮ್ಮ," ಎಂದ ಯಜಮಾನ. "ಮಗಳಿಗೆ ಫೋನ್ ಕೊಡಿ, ನಾನು ಹೇಳಿಕೊಡ್ತೇನೆ."

"ಮಗಳು ಕ್ಲಾಸಿನಲ್ಲಿದ್ದಾಳೆ," ಎಂದು ಇಟ್ಟೆ.

ಬ್ಯಾರಿಗಳು ಅವಲಕ್ಕಿ ತೂಗುತ್ತಿದ್ದವರು ನನ್ನ ಮುಖ ನೋಡಿದರು. ಯಾವ ಮಗಳು ಎಂದು ಕೇಳಲಿಲ್ಲ. ಆ ಮನುಷ್ಯನ ದೊಡ್ಡತನ ಅದು.

ಬೀಡಿಯವಳಿಗೆ ಅರ್ಜಿಯನ್ನು ಕೈಯಲ್ಲಿ ಬರೆದುಕೊಟ್ಟೆ. ಎರಡು ದಿನ ಬಿಟ್ಟು ವಾಪಸ್ ಬಂದಳು. ಬರೆದದ್ದು ಬೇಡ, ಟೈಪ್ ಮಾಡಿಸಿ ತನ್ನಿ ಎಂದರಂತೆ ಕರೆಂಟ್ ಆಫೀಸಿನವರು. ನನ್ನ ಕೈಬರಹ ಚೆನ್ನಾಗಿಲ್ಲ, ಅದು ನನಗೂ ಗೊತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರವಾಗುತ್ತಿದ್ದೆ.

"ನಾನು ಸೋಮವಾರ ಬರ್ತೇನೆ ಅಕ್ಕ," ಎಂದಳು. "ಬೇರೆ ಕಡೆ ಹೋದ್ರೆ ಅವರಿಗೆ ನಾನು ಹೇಳಿದ್ದು ಅರ್ಥ ಆಗುವುದಿಲ್ಲ. ನೀವೇ ಮಾಡಿಕೊಡಿ."

ಅವಳು ಹೋದ ಮೇಲೆ ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

ಶನಿವಾರ ಬೆಳಿಗ್ಗೆಯ ಬಸ್ಸಿಗೇ ಮೂಡುಬಿದಿರೆಗೆ ಹೋದೆ. ಅಂಗಡಿಯಲ್ಲಿ ಯಜಮಾನ ಒಬ್ಬನೇ ಇದ್ದ. ಇದನ್ನು ಬದಲಿಸಿ ಕೊಡಿ ಎಂದು ಲ್ಯಾಪ್‌ಟಾಪನ್ನು ಕೌಂಟರಿನ ಮೇಲೆ ಇಟ್ಟೆ.

"ತೆರೆದ ಮೇಲೆ ವಾಪಸ್ ತೆಗೆದುಕೊಳ್ಳುವ ಕ್ರಮ ಇಲ್ಲ ಅಮ್ಮ. ಆದ್ರೂ ನಿಮಗೋಸ್ಕರ ಮಾಡುವ. ಒಂದು ಕೆಲಸ ಮಾಡಿ, ಮಗಳನ್ನು ಕಳುಹಿಸಿ. ಇಲ್ಲೇ ಕಾಲೇಜಿನಲ್ಲಿ ಇರುವುದಲ್ವಾ? ಬಿಲ್ಲು ಅವರ ಹೆಸರಿನಲ್ಲಿ ಉಂಟು, ಅವರ ಸಹಿ ಬೇಕಾಗ್ತದೆ. ಅವರಿಗೆ ಎಂತ ಬೇಕೂಂತ ನೋಡಿಯೇ ಕೊಡ್ತೇನೆ."

ಆತ ಸ್ವಲ್ಪ ಒರಟಾಗಿ ಮಾತನಾಡಿದ್ದರೆ ಜಗಳ ತೆಗೆದು ಬಚಾವಾಗುತ್ತಿದ್ದೆ. ಸುಮ್ಮನೆ ಹಿಂದೆ ಹೋಗಿಬಿಡೋಣ ಎಂದೂ ಅನ್ನಿಸಿತು. ಹೋದರೆ ಸೋಮವಾರ ಬೀಡಿಯವಳು ಬರುತ್ತಾಳೆ. ಅವಳಿಗೆ ಆಗುವುದಿಲ್ಲ ಎಂದರೆ ಮಂಗಳವಾರದಿಂದ ನಾನು ಆ ಕುರ್ಚಿಯಲ್ಲಿ ಕುಳಿತು ಮಾಡುವುದಾದರೂ ಏನು?

"ನೋಡಿ," ಎಂದೆ. "ನನಗೆ ಮಗಳಿಲ್ಲ. ನನಗೆ ಮದುವೆಯೂ ಆಗಿಲ್ಲ. ಲ್ಯಾಪ್‌ಟಾಪ್ ನನಗೆ ಬೇಕಾದದ್ದು. ನಾನು ಟೈಪಿಂಗ್ ಮಾಡುವವಳು. ಆ ದಿನ ನಿಮ್ಮ ಹತ್ರ ಹೇಳಿದ್ದೆಲ್ಲ ಸುಳ್ಳು."

ಆತ ನಗುತ್ತಾನೆ ಎಂದುಕೊಂಡೆ. ನಕ್ಕಿದ್ದರೆ ಆ ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಹೊರಟುಬಿಡುತ್ತಿದ್ದೆನೋ ಏನೋ. ಆತ ಎದ್ದು ಒಂದು ಸ್ಟೂಲು ತಂದಿಟ್ಟ.

"ಕೂತುಕೊಳ್ಳಿ ಅಕ್ಕ," ಎಂದ. ಅಲ್ಲಿಯವರೆಗೆ ಅಮ್ಮ ಎನ್ನುತ್ತಿದ್ದವನು. "ಮೊದಲೇ ಹೇಳಿದ್ರೆ ನಾನು ಇದು ಕೊಡ್ತಾ ಇರಲಿಲ್ಲ."

"ಮೊದಲೇ ಹೇಳಿದ್ರೆ ನಂಬುತ್ತಿದ್ರಾ?"

"ಅದೂ ಹೌದು ಮಾರಾಯ್ರೆ," ಎಂದು ತಲೆ ತುರಿಸಿಕೊಂಡ.

ಒಳಗಿನಿಂದ ಬೇರೊಂದು ತಂದ. ಯಾವುದೋ ಆಫೀಸಿನಲ್ಲಿ ದುಡಿದು ಬಂದು, ರಿಪೇರಿಯಾಗಿ ಕುಳಿತದ್ದು. ದಪ್ಪ, ಭಾರ, ಮೂಲೆಯಲ್ಲಿ ಗೀಚಿದ ಗುರುತು. ನನ್ನ ಪೆನ್‌ಡ್ರೈವ್ ಸಿಕ್ಕಿಸಿ ಸಾಫ್ಟ್‌ವೇರ್ ಹಾಕಿದ. ಈ ಸಲ ನಾನು ಬಸ್ಸಿನ ಹೊತ್ತು ನೋಡಲಿಲ್ಲ. ಹಳೆಯ ಅರ್ಜಿ ತೆರೆದರೆ ಕನ್ನಡ! "ಅಬ್ಬ!" ಎಂದು ಜೋರಾಗಿಯೇ ಹೇಳಿಬಿಟ್ಟೆ.

"ಒಂದು ಸಲ ಹೊಡೆದು ನೋಡಿ," ಎಂದ.

ಬೀಡಿಯವಳ ಅರ್ಜಿ ನನಗೆ ಬಾಯಿಪಾಠವಾಗಿತ್ತು. ಅವಳು ತುಳುವಿನಲ್ಲಿ ಹೇಳಿದ್ದೆಲ್ಲ ಕಿವಿಯಲ್ಲಿತ್ತು. ಬೆರಳು ತಾನಾಗಿ ಓಡಿತು. ಮಾನ್ಯರೇ ಎಂಬಲ್ಲಿಂದ ಇಂತಿ ತಮ್ಮ ವಿಶ್ವಾಸಿ ಎಂಬಲ್ಲಿಯವರೆಗೆ ನಾನು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದಾಗ ಆತ ಬಾಯಿ ತೆರೆದು ನಿಂತಿದ್ದ.

"ನೀವು ಕೀ ನೋಡಲೇ ಇಲ್ಲ ಅಲ್ವಾ ಅಕ್ಕ? ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಒಬ್ಬರೂ ಹೀಗೆ ಹೊಡೆಯುವುದಿಲ್ಲ."

ನನಗೆ ಹಿಗ್ಗಾಯಿತು. ಯಾಕಾಗಬಾರದು?

ಹೊಸ ಬಿಲ್ಲು ನನ್ನ ಹೆಸರಿನಲ್ಲಿ ಮಾಡಿದ. ಹಳೆಯದರ ಎರಡು ಪ್ರತಿಗಳ ಮೇಲೂ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು, ಒಂದನ್ನು ಫೈಲಿಗೆ ಹಾಕಿದ. ಇನ್ನೊಂದನ್ನು ಹರಿಯಲು ಕೈಯಲ್ಲಿ ಹಿಡಿದ.

"ಹರಿಯಬೇಡಿ," ಎಂದೆ. "ಅದು ಇಲ್ಲಿ ಕೊಡಿ."

"ಇದು ಇನ್ನು ಯಾವುದಕ್ಕೂ ಆಗುವುದಿಲ್ಲ ಅಕ್ಕ."

"ಗೊತ್ತುಂಟು. ಕೊಡಿ."

ಆತ ಅದರಲ್ಲಿದ್ದ ಹೆಸರನ್ನು ಒಮ್ಮೆ ಓದಿದ, ನನ್ನನ್ನು ನೋಡಿದ. ನಾಲ್ಕು ಮಡಿಕೆ ಮಡಚಿ ಲ್ಯಾಪ್‌ಟಾಪಿನ ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಟ್ಟುಕೊಟ್ಟ.

ಸೋಮವಾರ ಬೀಡಿಯವಳು ಬಂದಳು. ಲ್ಯಾಪ್‌ಟಾಪಿನಲ್ಲಿ ನನಗೆದುರಾಗಿ ನಿಂತವರಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಬ್ಯಾರಿಗಳು ಒಂದು ಖಾಲಿ ಎಣ್ಣೆಡಬ್ಬ ಕವುಚಿ ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿದರು. ಹಲಗೆಯ ಕೆಳಗೆ ತುರುಕಿಟ್ಟಿದ್ದ ನನ್ನ ಹಳೆಯ ಪ್ರಿಂಟರಿನಲ್ಲಿ ಪ್ರಿಂಟ್ ತೆಗೆದು ಕೈಗೆ ಕೊಟ್ಟಾಗ, "ನನ್ನ ಹೆಸರು ಎಲ್ಲಿ ಉಂಟು ಅಕ್ಕ?" ಎಂದು ಕೇಳಿದಳು. ತೋರಿಸಿದೆ. ಎಲೆ ಕತ್ತರಿಸಿ ಕತ್ತರಿಸಿ ಒರಟಾದ ಬೆರಳನ್ನು ಅದರ ಮೇಲೆ ಇಟ್ಟು, ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. ಬೇರೆ ದಿನವಾಗಿದ್ದರೆ, "ಸಾಕು, ಮಸಿ ಹಿಡಿದೀತು" ಎಂದು ಗದರುತ್ತಿದ್ದೆ. ಆ ದಿನ ಗದರಲಿಲ್ಲ.

ಆ ಬಿಲ್ಲು ಈಗಲೂ ಬ್ಯಾಗಿನ ಜೇಬಿನಲ್ಲೇ ಇದೆ. ಊರಿನ ಸಾವಿರಾರು ಮಂದಿಯ ಹೆಸರನ್ನು ಕಾಗದಕ್ಕೆ ಇಳಿಸಿದ್ದೇನೆ. ನನ್ನ ಮಗಳ ಹೆಸರಿರುವ ಕಾಗದ ಅದೊಂದೇ.