ಮೂರು ಮೊಳದ ಬಾವುಟ

ಏಕಾಂತಯ್ಯ ಮೇಷ್ಟ್ರಿಗೆ ಮೊಳ ಎಂಬ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಸಂಪಿಗೆ ರಸ್ತೆ ರೈಲ್ವೆ ಸ್ಟೇಷನ್ನಿನ ಪಕ್ಕದ ನಮ್ಮೂರಿನಲ್ಲಿ ಹೂವಿಗೆ ಮೊಳ, ಹಗ್ಗಕ್ಕೆ ಮಾರು, ಸಸಿ ನೆಡುವ ಗುಂಡಿಗೂ ಮೊಳವೇ. ಅಂಥ ಊರಿನ ಶಾಲೆಗೆ ಒಬ್ಬರೇ ಮೇಷ್ಟ್ರಾಗಿ ಬಂದು, ಸೆಂಟಿಮೀಟರ್ ಕಲಿಸಿಯೇ ತೀರುತ್ತೇನೆಂದು ಹಟ ಹಿಡಿದವರು ಅವರು. ಇದು ನಾನು ಮೂರನೇ ಕ್ಲಾಸಿನಲ್ಲಿದ್ದಾಗಿನ ಮಾತು. ಸರ್ಕಾರ ಕೊಟ್ಟಿದ್ದ ಮೀಟರ್ ಕೋಲಿನಲ್ಲಿ ಅಳೆದದ್ದಕ್ಕಿಂತ ಹೊಡೆಸಿಕೊಂಡದ್ದೇ ಹೆಚ್ಚು. ಹಾಗಾಗಿ ಅದರ ಉದ್ದ ನನಗೆ ಈಗಲೂ ಚೆನ್ನಾಗಿ ನೆನಪಿದೆ.

ಎಪ್ಪತ್ತೇಳರಲ್ಲಿ ಇನ್ಸ್‌ಪೆಕ್ಟರು ಬಂದು, ಈ ಬೆಂಚಿನ ಉದ್ದ ಎಷ್ಟು ಎಂದು ಕೇಳಿದರು. ಕೊಬ್ಬರಿ ವ್ಯಾಪಾರದ ಬಸವರಾಜಪ್ಪನವರ ಮಗಳು ಗಿರಿಜಾಂಬಿಕಾ ಎದ್ದು ನಿಂತು, "ನಾಕು ಜನ ಕೂರೋವಷ್ಟು ಸಾ" ಎಂದಳು. ಅದರಲ್ಲಿ ತಪ್ಪೇನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇನ್ಸ್‌ಪೆಕ್ಟರಿಗೆ ಮಾತ್ರ ಅದು ರುಚಿಸಲಿಲ್ಲ. ಮುಂದಿನ ಸಲವೂ ಮಕ್ಕಳಿಗೆ ಅಳತೆ ಬಾರದಿದ್ದರೆ ಮೇಷ್ಟ್ರನ್ನು ಬೋರನಕಣಿವೆ ಕಡೆಗೆ ವರ್ಗ ಮಾಡಿಸುವುದಾಗಿ ಹೇಳಿ ಹೋದರು.

ವರ್ಗವೆಂದರೆ ಮೇಷ್ಟ್ರಿಗಿಂತ ಅವರ ಹೆಂಡತಿ ಗುರುಸಿದ್ದಮ್ಮನವರಿಗೆ ಹೆಚ್ಚು ಭಯ. ಪಾಪ, ಆಕೆ ಹೋದ ಊರಿನಲ್ಲೆಲ್ಲ ಹಿತ್ತಿಲಲ್ಲಿ ಒಂದು ತೆಂಗಿನ ಸಸಿ ನೆಡುತ್ತಿದ್ದರು. ಅದು ಫಲಕ್ಕೆ ಬರುವ ಮೊದಲೇ ವರ್ಗದ ಆರ್ಡರ್ ಬರುತ್ತಿತ್ತು. ಆಕೆ ನೀರು ಹೊತ್ತು ಹಾಕಿದ ಮರಗಳ ಕಾಯಿಯನ್ನು ಬೇರೆ ಬೇರೆ ಊರುಗಳಲ್ಲಿ ಯಾರ‍್ಯಾರೋ ತುರಿದು ತಿನ್ನುತ್ತಿದ್ದರು. ತೆಂಗಿನ ಸೀಮೆಯಲ್ಲಿ ಹುಟ್ಟಿ, ಚಟ್ನಿಗೆ ಅಂಗಡಿಯಿಂದ ಕಾಯಿ ತರಿಸುವ ಹೆಂಗಸಿನ ಸಂಕಟ ಸಣ್ಣದಲ್ಲ. ನಮ್ಮೂರಿಗೆ ಬಂದು ಆರು ವರ್ಷವಾಗಿ, ಇಲ್ಲಿನ ಸಸಿ ಈಗ ಮರವಾಗಿ, ಇನ್ನೊಂದು ವರ್ಷದಲ್ಲಿ ಹೊಂಬಾಳೆ ಬಿಡುವಂತಿತ್ತು.

"ಈ ಸಲ ಕಾಯಿ ತಿನ್ದೆ ನಾನು ಈ ಊರು ಬಿಡಲ್ಲ. ನೀವು ಬೇಕಾದ್ರೆ ಹೋಗಿ" ಎಂದು ಆಕೆ ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದರು.

ಮೇಷ್ಟ್ರು ತಲೆ ಕೆಡಿಸಿಕೊಂಡು ಒಂದು ಉಪಾಯ ಹುಡುಕಿದರು. ಕೋಲು ಬಿಟ್ಟು ಬಾವುಟ ಹಿಡಿದರು. ಉದ್ದ ಮೂರು ಪಾಲಾದರೆ ಎತ್ತರ ಎರಡು ಪಾಲು, ಮೂರು ಪಟ್ಟಿಯೂ ಒಂದೇ ಸಮ, ನಡುವಿನ ಚಕ್ರಕ್ಕೆ ಇಪ್ಪತ್ನಾಲ್ಕು ಗೆರೆ. ಬ್ರಿಟಿಷರ ಕಾಲದಲ್ಲಿ ಜನ ಕದ್ದುಮುಚ್ಚಿ ಸಿಕ್ಕ ಬಟ್ಟೆಯಲ್ಲಿ ಬಾವುಟ ಹೊಲಿದು, ಸಿಕ್ಕ ಗಳಕ್ಕೆ ಕಟ್ಟಿ ಏಟು ತಿಂದ ಕಥೆಯನ್ನು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. "ಈಗ ಹಂಗಲ್ಲ ಕಣ್ರೋ. ಡೆಲ್ಲೀಲಿ ಹಾರಿದ್ರೂ ಅದೇ ಲೆಕ್ಕ, ನಮ್ಮೂರಲ್ಲಿ ಹಾರಿದ್ರೂ ಅದೇ ಲೆಕ್ಕ. ಮರ ಹತ್ತೋ ರಂಗಪ್ಪನ ಮೊಳ ಬೇರೆ, ಹೂವಿನ ಬೋರಮ್ಮನ ಮೊಳ ಬೇರೆ. ದೇಶದ ಬಾವುಟಾನ ಯಾರ ಮೊಳದಲ್ಲಿ ಅಳೀತೀರಾ? ಅದಕ್ಕೇ ಮೀಟರು."

ಇದು ನಮ್ಮ ತಲೆಗೆ ಹತ್ತಿತು, ಹತ್ತಿದ್ದು ಇಳಿಯಲಿಲ್ಲ. ದಾರದಲ್ಲಿ ಗುರುತು ಹಾಕಿಕೊಂಡು ಊರೆಲ್ಲ ಅಳೆದೆವು. ನಿಮ್ಮ ಬಾಗಿಲು ಬಾವುಟದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ಪಕ್ಕದ ಮನೆಯ ಪುಟ್ಟಗಂಗಮ್ಮಜ್ಜಿಗೆ ಹೇಳಿದಾಗ, "ಬಾಗ್ಲು ಇರೋದು ಹಾರ್ಸಕ್ಕಲ್ಲ ಕಣೇ, ಹಾಕ್ಕಳಕ್ಕೆ" ಎಂದು ಅಜ್ಜಿ ಬಾಗಿಲನ್ನು ನನ್ನ ಮುಖದ ಮೇಲೆಯೇ ಹಾಕಿಕೊಂಡಿತು.

ಮಾರನೇ ವರ್ಷ ಸ್ವಾತಂತ್ರ್ಯದ ದಿನಕ್ಕೆ ಇನ್ಸ್‌ಪೆಕ್ಟರು ನಮ್ಮೂರಿಗೇ ಬರುತ್ತಾರೆಂದು ಸುದ್ದಿ ಬಂತು. ಶಾಲೆಯ ಬಾವುಟವನ್ನು ಬಸವರಾಜಪ್ಪನವರ ಅಟ್ಟದಿಂದ ಇಳಿಸಿ ನೋಡಿದರೆ ಅರ್ಧ ಇಲ್ಲ. ಅಟ್ಟದ ತುಂಬ ಕೊಬ್ಬರಿ ಇದ್ದರೂ ಅಲ್ಲಿನ ಇಲಿಗಳಿಗೆ ಬಾವುಟವೇ ಬೇಕಾಗಿತ್ತು. ಹೊಸದು ಹೊಲಿಸಲೇಬೇಕಾಯಿತು. ತೆಂಗಿನಕಾಯಿ ಕೀಳುವ ರಂಗಪ್ಪ ಕೇಸರಿ ಬಟ್ಟೆ ಕೊಡುತ್ತೇನೆಂದ, ಬಸವರಾಜಪ್ಪನವರು ಬಿಳಿ ಪಂಚೆ, ಹೂವು ಮಾರುವ ಬೋರಮ್ಮ ಹಸಿರು ಸೀರೆ. ಗಡಿಬಿಡಿಯಲ್ಲಿದ್ದ ಮೇಷ್ಟ್ರು ಮೂವರಿಗೂ ಒಂದೇ ಮಾತು ಹೇಳಿದರು: "ಮೂರು ಮೊಳ ಉದ್ದ ಹರ‍್ಕೊಂಡು ಟೈಲರ್ ಕೆಂಪಯ್ಯನಿಗೆ ಕೊಟ್ಬುಡಿ."

ಮೊದಲು ಕೋಲಿನಿಂದ ಬಾರಿಸಿ, ಆಮೇಲೆ ಬಾವುಟ ತೋರಿಸಿ ನಮಗೆ ಬಿಡಿಸಿದ ಮೊಳ ಅವರ ಬಾಯಿಂದಲೇ ಬಂದಿತ್ತು. ಅದು ಅವರಿಗೂ ಗೊತ್ತಾಗಲಿಲ್ಲ, ಕೇಳಿದವರಿಗೂ ಗೊತ್ತಾಗಲಿಲ್ಲ.

ಸ್ವಾತಂತ್ರ್ಯದ ದಿನ ಬೆಳಿಗ್ಗೆ ಇನ್ಸ್‌ಪೆಕ್ಟರ ಎದುರಿನಲ್ಲೇ ಕೆಂಪಯ್ಯ ಹೊಲಿಯದ ಬಟ್ಟೆಗಳ ಗಂಟು ತಂದು ಮೇಜಿನ ಮೇಲೆ ಬಿಚ್ಚಿದ. ರಂಗಪ್ಪನದು ಮರ ತಬ್ಬಿ ತಬ್ಬಿ ಬೆಳೆದ ಕೈ, ಕೇಸರಿ ಮೇಜು ದಾಟಿ ಕೆಳಗೆ ಇಳಿಬಿತ್ತು. ಬಿಳಿ ಮೇಜಿನ ಅಂಚಿಗೆ ಬಂದು ನಿಂತಿತು. ಹಸಿರು ಅಲ್ಲಿಗೂ ಬರಲಿಲ್ಲ. ಬೋರಮ್ಮನ ಹೂವಿನ ಮೊಳ ಎಂಥದೆಂದು ಊರ ಹೆಂಗಸರಿಗೆಲ್ಲ ಗೊತ್ತಿದ್ದದ್ದು ಅವತ್ತು ಸರ್ಕಾರಕ್ಕೂ ಗೊತ್ತಾಯಿತು.

"ಮೇಷ್ಟ್ರು ಹೇಳಿದ ಅಳತೆ, ನಾನ್ಯಾಕೆ ಕತ್ತರಿ ಹಾಕ್ಲಿ ಅಂತ ಬುಟ್ಟೆ" ಎಂದ ಕೆಂಪಯ್ಯ.

ಮೇಷ್ಟ್ರ ಮುಖ ಬೂದಿಯಾಯಿತು. ಬಾಗಿಲಲ್ಲಿ ಪಾನಕದ ಚೊಂಬು ಹಿಡಿದು ನಿಂತಿದ್ದ ಗುರುಸಿದ್ದಮ್ಮನವರು ಹಿತ್ತಿಲ ಕಡೆ ತಿರುಗಿ ಮರ ನೋಡಿದರು.

ಅಷ್ಟರಲ್ಲಿ ಗಿರಿಜಾಂಬಿಕಾ ಮೀಟರ್ ಕೋಲು ಎತ್ತಿಕೊಂಡಳು. "ಸಾ, ಮೊಳದಲ್ಲಿ ಅಳೆದ್ರೆ ಹಿಂಗೇ ಆಗದು. ಹಸಿರು ಒಂದು ಮೀಟರ್ ಮೇಲೆ ಚೂರು ಐತೆ. ತೊಂಬತ್ತು ಸೆಂಟಿಮೀಟರ್‌ಗೆ ಇಳಿಸಿದ್ರೆ ಎತ್ತರ ಅರವತ್ತು, ಪಟ್ಟಿಗೆ ಇಪ್ಪತ್ತಿಪ್ಪತ್ತು. ಲೆಕ್ಕ ಸಲೀಸು ಸಾ." ನಾವೆಲ್ಲ ಮೇಜಿಗೆ ಮುತ್ತಿಕೊಂಡೆವು. ಗೆರೆ ಎಳೆದೆವು, ಕೆಂಪಯ್ಯ ಕತ್ತರಿಸಿ ಹೊಲಿದ. ತೆಂಗಿನ ಚಿಪ್ಪು ಕವುಚಿ ಚಕ್ರ ಬರೆದು, ನಾನೇ ಗೆರೆ ಎಣಿಸಿದೆ. ಊರೆಲ್ಲ ಬಿಸಿಲಲ್ಲಿ ಕಾದು ನಿಂತು, ಕೊನೆಗೂ ಬಾವುಟ ಹಾರಿತು. ಸಣ್ಣದಾಗಿದ್ದರೂ ಲೆಕ್ಕಕ್ಕೆ ಸರಿಯಾಗಿತ್ತು.

ಇನ್ಸ್‌ಪೆಕ್ಟರು ಮೇಷ್ಟ್ರ ಕೈ ಹಿಡಿದುಕೊಂಡರು. "ಬೇಕಂತಲೇ ತಪ್ಪು ಬಟ್ಟೆ ತರಿಸಿ, ಮಕ್ಕಳ ಕೈಯಲ್ಲೇ ಸರಿ ಮಾಡಿಸಿದಿರಲ್ಲ. ಇಂಥ ಪಾಠ ನಾನೆಲ್ಲೂ ನೋಡಿಲ್ಲ ಕಣ್ರೀ."

ಅಲ್ಲ ಸಾರ್ ಎನ್ನಬಹುದಿತ್ತು. ಮೇಷ್ಟ್ರು ಎನ್ನಲಿಲ್ಲ. ಕೋಟಿನ ಗುಂಡಿ ಸರಿಮಾಡಿಕೊಂಡು, "ಏನೋ, ನಮ್ಮ ಕೈಲಾದದ್ದು" ಎಂದರು.

"ನೀವು ಈ ಮೂಲೇಲಿ ಇರಬಾರದು. ಚಿಕ್ಕನಾಯಕನಹಳ್ಳಿಯ ದೊಡ್ಡ ಶಾಲೆಗೆ ಹಾಕಿಸ್ತೀನಿ. ಈ ತಿಂಗಳೇ ಆರ್ಡರ್ ಬರುತ್ತೆ."

ಪಾನಕದ ಚೊಂಬು ಠಣ್ಣೆಂದು ಮೇಜಿನ ಮೇಲೆ ಕೂತಿತು.

"ಸ್ವಾಮಿ, ಮೂರು ಮೊಳ ತನ್ನಿ ಅಂತ ಗಡಿಬಿಡೀಲಿ ಅಂದಿದ್ದು ನಮ್ಮ ಯಜಮಾನ್ರೇ. ಪಾಠಾನೂ ಇಲ್ಲ, ಏನೂ ಇಲ್ಲ. ಅಳತೆ ಬಂದಿರೋದು ಮಕ್ಕಳಿಗೆ, ಇವ್ರಿಗಲ್ಲ. ಇನ್ನೊಂದಷ್ಟು ವರ್ಷ ಇಲ್ಲೇ ಇದ್ದು ಕಲ್ತುಕೊಳ್ಳಲಿ" ಎಂದರು ಗುರುಸಿದ್ದಮ್ಮನವರು.

ಇನ್ಸ್‌ಪೆಕ್ಟರು ಪಾನಕ ಗಂಟಲಿಗೆ ಸಿಕ್ಕಿಕೊಂಡು ಕೆಮ್ಮುವವರೆಗೂ ನಕ್ಕರು. ಮಕ್ಕಳು ಚೆನ್ನಾಗಿ ಕಲಿತಿದ್ದಾರೆ, ಮೇಷ್ಟ್ರು ಕಲಿಯುತ್ತಿದ್ದಾರೆ, ಅಲ್ಲಿಯವರೆಗೆ ಇಲ್ಲೇ ಇರಲಿ ಎಂದು ಹೇಳಿ ಜೀಪು ಹತ್ತಿದರು.

ಊರಿನವರೆದುರು ಮಾನ ಕಳೆದಳೆಂದು ಮೇಷ್ಟ್ರು ಹೆಂಡತಿಯ ಹತ್ತಿರ ಮಾತು ಬಿಟ್ಟರು. ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಿದ್ದರು. ಹೊಂಬಾಳೆ ಒಡೆಯಿತು, ಹರಳು ಕಚ್ಚಿ ಎಳೆಗಾಯಾಯಿತು, ಮೇಷ್ಟ್ರ ಬಾಯಿ ಮಾತ್ರ ತೆರೆಯಲಿಲ್ಲ. ಮೊದಲ ಗೊನೆ ಇಳಿಸಿದ ದಿನ ಗುರುಸಿದ್ದಮ್ಮನವರು ಒಂದು ಎಳನೀರು ಕೊಚ್ಚಿ ತಂದು ಗಂಡನ ಮುಂದೆ ಇಟ್ಟರು. ಆಕೆಯ ಕಣ್ಣು ತುಂಬಿತ್ತು. ಮೇಷ್ಟ್ರು ಕುಡಿದರು, ಮೀಸೆ ಒರೆಸಿಕೊಂಡರು, ಮರವನ್ನು ಬುಡದಿಂದ ಸುಳಿಯವರೆಗೆ ನೋಡಿದರು. ಕೊನೆಗೆ ತಡೆಯಲಾಗದೆ ಕೇಳಿದರು.

"ಎಷ್ಟೆತ್ತರ ಆಗಿದೆಯೇ ಇದು?"

"ಮೀಟರಲ್ಲಿ ಹೇಳ್ಲೋ," ಎಂದರು ಗುರುಸಿದ್ದಮ್ಮನವರು, "ನಿಮ್ಮ ಮೊಳದಲ್ಲಿ ಹೇಳ್ಲೋ?"