ಅವ್ವ ಕಿತ್ತ ನಂಬರ್ ಚೀಟಿಗಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಅದರಿಂದ ಕೆಟ್ಟ ಕೆಲಸಗಳು ಬೇಕಾದಷ್ಟಿವೆ. ಅವ್ವನ ಮೇಲೆ ರೇಗಿದ ಆ ಒಂದು ಮಧ್ಯಾಹ್ನ ಮಾತ್ರ ಈಗಲೂ ಚುಚ್ಚುತ್ತದೆ.

ಆಗ ನಾನು ರಾಯದುರ್ಗದಲ್ಲಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದೆ. ಬೆಳಗಾದರೆ ಮಷಿನ್ ಸದ್ದಿಲ್ಲದ ಮನೆಯನ್ನು ನಮ್ಮ ಓಣಿಯಲ್ಲಿ ಹುಡುಕಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಕುರಿಗಳನ್ನು ಮಾರಿಸಿ, ಗುಮ್ಮಘಟ್ಟದ ಕಡೆಯ ನಮ್ಮ ಹಳ್ಳಿಯಿಂದ ಅವ್ವನನ್ನು ಕರೆತಂದಿದ್ದೆ. ಇಷ್ಟು ವರ್ಷ ದುಡಿದವಳು, ಇನ್ನಾದರೂ ಆರಾಮಾಗಿರಲಿ ಎಂಬುದು ನನ್ನ ಆಸೆ. ಅವಳಿಗೋ ಆರಾಮೇ ಒಂದು ಕಾಯಿಲೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು. ಬಾಗಿಲಿಗೆ ಯಾರಾದರೂ ಬಂದರೆ, "ಮಗಳ ಮನ್ಯಾಗ ಕುಂತು ಉಣ್ಣಾಕತ್ತೀನಿ ನೋಡ್ರಿ" ಎಂದು ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳುವಳು.

ಕತ್ತರಿಸಿದ ಬಟ್ಟೆ ಕಟಿಂಗ್ ಮಾಸ್ಟರ್ ಹತ್ತಿರದಿಂದ ನಮಗೆ ಕಟ್ಟು ಕಟ್ಟಾಗಿ ಬರುತ್ತಿತ್ತು. ಪ್ರತಿ ತುಂಡಿಗೂ ಒಂದು ಸಣ್ಣ ನಂಬರ್ ಚೀಟಿ ಅಂಟಿಸಿರುತ್ತಿದ್ದರು. ಒಂದೇ ನಂಬರಿನ ತುಂಡುಗಳು ಸೇರಿಯೇ ಒಂದು ಪ್ಯಾಂಟಾಗಬೇಕು. ಬೇರೆ ಬೇರೆ ಥಾನಿನ ತುಂಡುಗಳು ಬೆರೆತುಹೋದರೆ ಹೊಲಿಯುವಾಗ ಏನೂ ಗೊತ್ತಾಗದು. ವಾಷಿಂಗ್‌ಗೆ ಹೋಗಿ ಬಂದಾಗ ಒಂದು ಕಾಲು ತಿಳಿನೀಲಿ, ಇನ್ನೊಂದು ಕಡುನೀಲಿ. ಹೊಲಿದು ಮುಗಿಸಿದ ಮೇಲಷ್ಟೇ ನಾವು ಚೀಟಿ ಕಿತ್ತು, ಉಳಿದ ದಾರ ಕತ್ತರಿಸುತ್ತಿದ್ದೆವು. ಅವ್ವ ದಿನಾ ನೋಡುತ್ತಿದ್ದದ್ದು ಆ ಕೊನೆಯ ಕೆಲಸವನ್ನು.

ಅವತ್ತು ನಾನು ರೇಷನ್ ತರಲು ಹೋಗಿದ್ದೆ. ಬಂದು ನೋಡಿದರೆ ಹೊಸ ಕಟ್ಟು ಬಿಚ್ಚಿದೆ. ಮುಂದಿನ ತುಂಡುಗಳೆಲ್ಲ ಒಂದು ಕಡೆ, ಹಿಂದಿನವು ಒಂದು ಕಡೆ, ಜೇಬುಗಳು ಇನ್ನೊಂದು ಕಡೆ, ರೊಟ್ಟಿ ಒಟ್ಟಿದ ಹಾಗೆ ಅಚ್ಚುಕಟ್ಟಾಗಿ ಕೂತಿವೆ. ಒಂದರ ಮೇಲೂ ಚೀಟಿಯಿಲ್ಲ.

"ನಿನಗೊಂದು ಕೆಲಸ ಕಡಿಮಿ ಮಾಡೀನಿ ನೋಡು," ಎಂದಳು ಅವ್ವ. ಅವಳ ಮುಖದಲ್ಲಿ ಅಂಥ ನಗು ಕಂಡು ತಿಂಗಳುಗಳೇ ಆಗಿದ್ದವು.

"ಯಾರು ಹೇಳಿದ್ರು ನಿನಗ? ಸುಮ್ಮನ ಕುಂದ್ರಾಕ ಬರಂಗಿಲ್ಲೇನು? ನನ್ನ ಕೇಳದ ಇನ್ನ ಏನೂ ಮುಟ್ಟಬ್ಯಾಡ."

ಪಕ್ಕದ ಮನೆಯ ಮಷಿನ್ ನಿಂತಿತು. ಅಷ್ಟು ಜೋರಾಗಿ ಕೂಗಿದ್ದೆ.

ತುಂಡುಗಳನ್ನು ಹೊತ್ತುಕೊಂಡು ಕಟಿಂಗ್ ಮಾಸ್ಟರ್ ಹತ್ತಿರ ಓಡಿದೆ. ಅವರು ತಲೆ ಚಚ್ಚಿಕೊಂಡರು, ಬೈದರು, ಆಮೇಲೆ, "ಹೋಗ್ಲಿ ಹೊಲೀರಿ. ಎಲ್ಲಾ ಕರೇ ಬಣ್ಣಕ್ಕ ಹಾಕಿಸ್ತೀನಿ, ಒಂದಾಗ್ತಾವ" ಎಂದರು. ಅಲ್ಲಿಗೆ ಬಟ್ಟೆಯ ಗೋಳು ಮುಗಿಯಿತು.

ಮನೆಯದು ಮುಗಿಯಲಿಲ್ಲ. ನಾನು ಹೇಳಿದ್ದನ್ನು ಅವ್ವ ಅಕ್ಷರಶಃ ಪಾಲಿಸತೊಡಗಿದಳು. "ಕೊಡ ತುಂಬಲೇನವ್ವಾ?" "ಒಲಿ ಹಚ್ಚಲೇನು?" "ಕಸ ಹೊರಗ ಹಾಕಲೇನು?" ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಮೂರನೆಯ ದಿನ ಪಕ್ಕದ ಮನೆಯವಳನ್ನು ಕೇಳುತ್ತಿದ್ದಳು: "ನಮ್ಮೂರ ಕಡಿ ಆಟೋ ಎಷ್ಟೊತ್ತಿಗೆ ಬಿಡ್ತಾವ್ರಿ?"

ಊರಲ್ಲಿ ಅವಳಿಗೆ ಯಾರಿದ್ದರು?

ಕ್ಷಮೆ ಕೇಳುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅವತ್ತು ಬಂದ ಕಟ್ಟನ್ನು ತಂದು ಅವಳ ಮುಂದಿಟ್ಟೆ.

"ಜೋಡಿ ಹಚ್ಚಿ ಕೊಡವ್ವಾ. ನನ್ನ ಒಬ್ಬಾಕಿ ಕೈಲಿ ಆಗವಲ್ದು."

"ನನಗ ಓದಾಕ ಬರಂಗಿಲ್ಲಲ್ಲ."

"ಓದಬ್ಯಾಡ. ಚೀಟಿ ಒಂದ ಥರಾ ಐತೇನು ನೋಡು, ಸಾಕು."

ಒಂದೊಂದೇ ಚೀಟಿಯನ್ನು ಬೆಳಕಿಗೆ ಹಿಡಿದು ಜೋಡಿ ಹಚ್ಚುತ್ತಾ ಕೂತಳು. "ನಂದ ತಪ್ಪಾತವ್ವ" ಎಂದು ಮಷಿನ್ ತುಳಿಯುತ್ತಲೇ ಹೇಳಿದೆ. ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ಅವಳು ತಲೆ ಎತ್ತಲಿಲ್ಲ. ಆಟೋ ವಿಷಯ ಮತ್ತೆ ಎತ್ತಲಿಲ್ಲ, ಅಷ್ಟೇ. ಆದರೆ ಪ್ರತಿಯೊಂದಕ್ಕೂ ನನ್ನನ್ನು ಕೇಳುವುದು ನಿಲ್ಲಲಿಲ್ಲ. ಆ ಒಂದೊಂದು ಪ್ರಶ್ನೆಗೂ ನನ್ನ ಜೀವ ಹಿಡಿಯಷ್ಟಾಗುತ್ತಿತ್ತು.

ಹೀಗೇ ಎಷ್ಟೋ ದಿನ ಕಳೆದವು. ಒಂದು ಸಂಜೆ ಅವಸರದಲ್ಲಿ ಹೊಲಿದ ಪ್ಯಾಂಟನ್ನು ಚೀಟಿ ಕೀಳಲೆಂದು ಅವಳತ್ತ ಎಸೆದೆ. ಅವ್ವ ಅದನ್ನು ತಿರುವಿ ನೋಡಿದಳು.

"ಏನ ಇದು? ಜೇಬು ಹಿಂಗ ಸೊಟ್ಟಗ ಹೊಲಿತಾರೇನು? ಕಣ್ಣು ಎಲ್ಲಿಟ್ಟಿದ್ದಿ?"

ನಾನು ಉತ್ತರಿಸುವ ಮೊದಲೇ ನನ್ನ ಮಷಿನ್ ಮೇಲಿದ್ದ ಕತ್ತರಿಯನ್ನು ತೆಗೆದುಕೊಂಡು, ಯಾರನ್ನೂ ಕೇಳದೆ, ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚುತ್ತಾ ಬಿಚ್ಚುತ್ತಾ ಬೈಯುತ್ತಲೇ ಇದ್ದಳು. ನಾನು ಕಾಲು ತೆಗೆದು, ಮಷಿನ್ ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡೆ.