ಗಂಗಾಳ ತೊಳೆದ ನೀರು

ಮೊನ್ನೆ ಜೇವರ್ಗಿಯ ಒಂದು ಕಲ್ಯಾಣ ಮಂಟಪದಲ್ಲಿ ಊಟಕ್ಕೆ ನಿಂತಿದ್ದೆ. ಹೌದು, ನಿಂತಿದ್ದೆ. ಈಗ ನಮ್ಮ ಕಡೆಯೂ ಮದುವೆಯೂಟವನ್ನು ಬಸ್ಸಿಗೆ ಕಾದಂತೆ ನಿಂತುಕೊಂಡೇ ಉಣ್ಣುವುದು. ಮೂಲೆಯಲ್ಲೊಂದು ನೀಲಿ ಟಬ್ಬು. ಉಂಡವರು ಸ್ಟೀಲಿನ ತಾಟನ್ನು ಅದರೊಳಗೆ ಒಗೆಯುತ್ತಾರೆ: ಧಡ್! ಅರ್ಧ ಹೋಳಿಗೆ, ಕೈ ತಾಕದ ಅನ್ನ, ಇಡೀ ಒಂದು ಬದನೆಕಾಯಿ ಎಣಗಾಯಿ, ಎಲ್ಲವೂ ಜಲಸಮಾಧಿ. ಬಾಯಲ್ಲಿ ಸದ್ದು ಮಾಡುವುದು ನನ್ನ ಹುಟ್ಟುಗುಣ, ಈಗ ಕಸುಬೂ ಅದೇ. ಆ 'ಧಡ್' ಅನ್ನೂ ಮಾಡಿ ತೋರಿಸುತ್ತಿದ್ದೆ. ಗೆಳೆಯ ಶರಣ್ಯಾನಿಗೆ ಅಷ್ಟು ಸಾಕಾಗಲಿಲ್ಲ.

"ಲೇ, ಅಜ್ಜಿ ಐಟಂ ಮಾಡಲೇ! ಮಂದಿ ಕಾಯ್ಲತ್ತಾರ."

ಅಜ್ಜಿ ಐಟಂ ಎಂದರೆ ನಿಮಗೆ ಹೇಳಬೇಕು. ಯಡ್ರಾಮಿಯ ನನ್ನಜ್ಜಿ ಉಂಡಾದ ಮೇಲೆ ಗಂಗಾಳವನ್ನು, ಎಂದರೆ ಊಟದ ತಾಟನ್ನು, ಬೆರಳಿನಿಂದ ಬಳಿದು, ತಂಬಿಗೆಯ ನೀರನ್ನು ಅದಕ್ಕೇ ಹಾಕಿ, ಸುತ್ತ ಆಡಿಸಿ, ಎತ್ತಿ ಗಟಗಟ ಕುಡಿಯುತ್ತಿದ್ದಳು. ಗಂಗಾಳಕ್ಕೆ ಬಿದ್ದದ್ದೆಲ್ಲ ಪ್ರಸಾದ. ಅಗುಳು ಹೋಗಲಿ, ಅದರ ರುಚಿಯೂ ಮೋರಿಗೆ ಹೋಗಬಾರದು. ಮಠದ ಪಂಕ್ತಿಯಲ್ಲೂ ಹಾಗೆಯೇ, ನಮ್ಮ ಮನೆಯಲ್ಲೂ ಹಾಗೆಯೇ. ನಾನು ಅದಕ್ಕೆ ಕಣ್ಣು ತಿರುಗಿಸುವುದನ್ನೂ, ಒಂದು ಉದ್ದನೆಯ ತೇಗನ್ನೂ, "ಶಿವಾ" ಎಂಬ ನಿಟ್ಟುಸಿರನ್ನೂ ಸೇರಿಸಿ ಶಾಲೆಯ ಗ್ಯಾದರಿಂಗಿನಲ್ಲಿ ಮಾಡಿ ಹೆಸರು ಗಳಿಸಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ, "ತೇಗು ನಂದಲ್ಲ, ನಿಮ್ಮ ಮುತ್ಯಾಂದು" ಎಂದು ತೇಗನ್ನು ಅಜ್ಜನ ಲೆಕ್ಕಕ್ಕೆ ಹಾಕಿ ತಿದ್ದಿದ್ದಳು. ಕಲಾವಿದನಿಗೆ ಅಂಥ ವಿಮರ್ಶಕರು ಬೇಕು.

ಶರಣ್ಯಾ ಕಾಯಲಿ. ಅಷ್ಟರಲ್ಲಿ ನಿಮ್ಮನ್ನು ಕಾಕಸಸ್ ಪರ್ವತದ ಬುಡಕ್ಕೆ ಕರೆದೊಯ್ದು ಬರುತ್ತೇನೆ. ವೀಸಾದ ಚಿಂತೆ ಬೇಡ.

ನಮ್ಮ ಕಾಕಾನ ಮಗಳು ಸುವರ್ಣಕ್ಕ ಜಾರ್ಜಿಯಾ ದೇಶದಲ್ಲಿ ಡಾಕ್ಟರಿಕೆ ಓದುತ್ತಾಳೆ. ನಮ್ಮ ಕಡೆಯಿಂದ ಕಲಬುರಗಿಯ ಆಸ್ಪತ್ರೆಗೆ ಹೋಗುವ ದಾರಿ ಈಗ ಹಾಗೆ ಸುತ್ತು ಹಾಕಿಕೊಂಡು ಹೋಗುತ್ತದೆ. ಹೋದ ವರ್ಷ ಕಾಕಾ, "ಅಕ್ಕನ್ನ ನೋಡ್ಕೊಂಡು ಬಾ. ಫೋನಿನ್ಯಾಗ ಆಕಿ ಮಾತು ಬ್ಯಾರೆನೇ ಕೇಳಸ್ತದ" ಎಂದು ಒಂದು ಚೀಲ ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಎಂದರೆ ಖಾರದ ಚಟ್ನಿಪುಡಿ, ಕೊಟ್ಟು ಕಳಿಸಿದ. ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ ಡಬ್ಬಿ ತೆರೆದು ಮೂಗಿನ ಹತ್ತಿರ ತಂದ. ಆಮೇಲೆ ಅವನು ಸೀನಿದ್ದು ನನ್ನ ಕಾರ್ಯಕ್ರಮಗಳಲ್ಲಿ ಇನ್ನೂ ಓಡುತ್ತಿದೆ.

ಕಾಕಾ ಹೇಳಿದ್ದು ಖರೇ. ಅಕ್ಕ ನನ್ನನ್ನು ಕಂಡವಳೇ "ಹೇಗಿದ್ದೀಯ? ಪ್ರಯಾಣ ಚೆನ್ನಾಗಿತ್ತಾ?" ಅಂದಳು. ನಾನು ಹಿಂದೆ ತಿರುಗಿ ನೋಡಿದೆ, ಯಾರನ್ನು ಕೇಳುತ್ತಿದ್ದಾಳೆ ಎಂದು. ಜೇವರ್ಗಿ ತಾಲೂಕಿನ ಹೆಣ್ಣುಮಗಳು, ಹತ್ತು ಎಮ್ಮೆಗಳನ್ನು ಒಂದೇ ಬೈಗುಳದಲ್ಲಿ ತಿರುಗಿಸುತ್ತಿದ್ದವಳು, ಟೀವಿಯಲ್ಲಿ ವಾರ್ತೆ ಓದುವವಳ ಹಾಗೆ ಮಾತಾಡಿದರೆ ಏನು ಮಾಡುವುದು? ನಾನೂ ಅದೇ ಧ್ವನಿಯಲ್ಲಿ "ಮುಖ್ಯಾಂಶಗಳು ಮತ್ತೊಮ್ಮೆ" ಅಂದೆ. ಬೆನ್ನಿಗೆ ಗುದ್ದು ಬಿತ್ತು. ಗುದ್ದು ಮಾತ್ರ ಹಳೆಯದೇ ಇತ್ತು.

ಮರುದಿನ ಅಕ್ಕನ ಸಹಪಾಠಿ ಮರಿಯಂ ಎಂಬ ಆ ದೇಶದ ಹುಡುಗಿ ನಮ್ಮನ್ನು ತನ್ನಜ್ಜಿಯ ಊರಿಗೆ ಕರೆದಿದ್ದಳು. ಜೊತೆಗೆ ಅಕ್ಕನ ರೂಮ್‌ಮೇಟ್, ಬೆಂಗಳೂರಿನ ನೇಹಾ. ಹೊರಡುವ ಮುಂಚೆ ಅಕ್ಕ ನನ್ನನ್ನು ಬದಿಗೆ ಕರೆದಳು.

"ಅಲ್ಲಿ ಊಟ ಆದಮ್ಯಾಲ ಗಂಗಾಳ ತೊಳದು ಕುಡೀಬ್ಯಾಡ. ಆಣಿ ಅದ ನನ್ನ ಮ್ಯಾಲ."

"ಯಾಕಬೇ?"

ಹೇಳಿದಳು. ಬಂದ ಮೊದಲ ವಾರ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ರೂಢಿಯಂತೆ ತಾಟು ತೊಳೆದು ಕುಡಿದಿದ್ದಳಂತೆ. ಯಾರೋ ಫೋನಿನಲ್ಲಿ ವಿಡಿಯೋ ತೆಗೆದರು, ಎಲ್ಲರ ಫೋನಿಗೂ ಹೋಯಿತು. ಅಂದಿನಿಂದ ಪ್ರತಿ ಊಟದಲ್ಲೂ ಅಕ್ಕ ಒಂದಿಷ್ಟು ಬಿಟ್ಟು ಏಳುತ್ತಾಳೆ. ಹೊಟ್ಟೆಗೆ ಬೇಕಿದ್ದರೂ ಬಿಡುತ್ತಾಳೆ. "ಬಿಡೋದು ಕಲೀಲಿಕ್ಕೆ ಅನಾಟಮಿಕಿಂತ ತ್ರಾಸಾತು" ಎಂದು ನಕ್ಕಳು. ಆ ನಗೆಯನ್ನು ನಾನು ಅನುಕರಿಸಲಿಲ್ಲ. ಬಿಡುವುದನ್ನು ಕಲಿತವಳು ಇನ್ನು ಏನೇನು ಬಿಟ್ಟಾಳು ಎಂಬ ಹೆದರಿಕೆ ನನಗೆ ಆವಾಗಲೇ ಹತ್ತಿತು.

ಆ ಊರಿಗೆ ಹೋಗುವ ವ್ಯಾನು ನಮ್ಮ ಟಂಟಂ ಆಟೋದ ಶ್ರೀಮಂತ ಬೀಗ: ಹತ್ತು ಜನರ ಜಾಗದಲ್ಲಿ ಹದಿನೈದು ಜನ, ಎರಡು ಕೋಳಿ, ಕನ್ನಡಿಯ ಸುತ್ತ ದೇವರ ಚಿತ್ರಗಳು. ಡ್ರೈವರ್ ಪ್ರತಿ ತಿರುವಿನಲ್ಲೂ ಸ್ಟೇರಿಂಗ್ ಬಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ; ಉಳಿದದ್ದು ದೇವರ ಜವಾಬ್ದಾರಿ. ಹಾದಿಯ ನಡುವೆ ಆಕಳು ಮಲಗಿದ್ದವು. ಹಾರನ್ ಹೊಡೆದರೆ ಅಫಜಲಪುರದ ಆಕಳುಗಳ ಹಾಗೆಯೇ, 'ನೀ ಯಾಂವ?' ಎಂಬಂತೆ ನೋಡಿದವು. ಊರೆಂದರೆ ಒಂದು ಚೌಕ, ಒಂದು ಔಷಧದಂಗಡಿ, ಮರದ ಕೆಳಗೆ ದಾಳ ಉರುಳಿಸುತ್ತ ಕೂತ ಮುದುಕರು. ಬೇವಿನ ಮರದ ಬದಲು ಅಕ್ರೋಟಿನ ಮರ, ಅಷ್ಟೇ. ಹಿಂದೆ ದೂರದಲ್ಲಿ ಹಿಮದ ಬೆಟ್ಟಗಳು ನಿಂತಿದ್ದವು. ನರೋಣಾದ ಬಸ್‌ಸ್ಟ್ಯಾಂಡಿನ ಹಿಂದೆ ಯಾರೋ ಹಿಮಾಲಯದ ಪರದೆ ಕಟ್ಟಿದ್ದಾರೆ ಅನ್ನಿಸಿತು.

ಮನೆ ಮುಟ್ಟುವ ಮೊದಲೇ ನನ್ನ ಕಿವಿ ನೆಟ್ಟಗಾಯಿತು: ತಪ್, ತಪ್, ತಪ್. ಅಡುಗೆಮನೆಯಲ್ಲಿ ಮರಿಯಂಳ ಅಜ್ಜಿ ಗೋವಿನಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ರೊಟ್ಟಿ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಬಾಯಲ್ಲೇ ನಮ್ಮ ಜೋಳದ ರೊಟ್ಟಿಯ ಸದ್ದು ಮಾಡಿದೆ. ಅಜ್ಜಿ ತಲೆಯೆತ್ತಿ, ಮತ್ತೆ ತಟ್ಟಿದಳು. ನಾನು ಮತ್ತೆ ಮಾಡಿದೆ. ಭಾಷೆ ಬಾರದ ಇಬ್ಬರು ಹೀಗೆ ಬಹಳ ಹೊತ್ತು ಮಾತಾಡಿದೆವು.

ಮೇಜಿನ ಮೇಲೆ ಜಾಗವಿರಲಿಲ್ಲ. ನಾವು ಮಾಂಸ ತಿನ್ನುವವರಲ್ಲ ಎಂದು ತಿಳಿದು ಅಜ್ಜಿ ತಾನು ಮಾಂಸ ಮುಟ್ಟದ ಉಪವಾಸದ ದಿನಗಳ ಅಡುಗೆಗಳನ್ನೆಲ್ಲ ಮಾಡಿದ್ದಳು. ಅವುಗಳಲ್ಲಿ ಅಕ್ರೋಟು ಅರೆದು ತುಂಬಿದ ಬದನೆಕಾಯಿ! ನಮ್ಮ ಎಣಗಾಯಿಯ ತಂಗಿ ಪರ್ವತದವನನ್ನು ಮದುವೆಯಾಗಿ ಇಲ್ಲಿ ನೆಲೆಸಿದ್ದಾಳೆ ಎಂದುಕೊಂಡೆ. ಅಜ್ಜಿ ದ್ರಾಕ್ಷಾರಸ ಎತ್ತಿ ಸತ್ತವರಿಗೆ, ಹುಟ್ಟಿದವರಿಗೆ, ದೂರದಿಂದ ಬಂದವರಿಗೆ ಒಳ್ಳೆಯದಾಗಲೆಂದು ಹಾರೈಸಿದಳು. ನಾನು ಹಸಿರು ಬಣ್ಣದ ಸೋಡಾ ಎತ್ತಿದೆ.

ಆಮೇಲೆ ಧರ್ಮಯುದ್ಧ ಸುರುವಾಯಿತು. ಅವಳ ಧರ್ಮದಲ್ಲಿ ಅತಿಥಿಯ ತಟ್ಟೆ ಖಾಲಿ ಇರಕೂಡದು. ನನ್ನ ಧರ್ಮದಲ್ಲಿ ತಟ್ಟೆಯಲ್ಲಿ ಏನೂ ಉಳಿಯಕೂಡದು. ನಾನು ಖಾಲಿ ಮಾಡಿದೆ, ಅವಳು ತುಂಬಿದಳು. ಮತ್ತೆ ಮಾಡಿದೆ, ಮತ್ತೆ ತುಂಬಿದಳು. ಪ್ಯಾಂಟಿನ ಗುಂಡಿ ಬಿಚ್ಚಿದೆ. ಮೇಜಿನ ಕೆಳಗಿಂದ ಅಕ್ಕನ ಒದೆ ಬಂತು: "ಒಂದೀಟು ಬಿಡೋ, ಸಾಯ್ತಿ!"

"ಆಣಿ ತೊಳೀಬ್ಯಾಡ ಅಂತ ಹಾಕಿದ್ದಿ, ಬಿಡು ಅಂತ ಹಾಕಿಲ್ಲ" ಅಂದೆ.

ಅಕ್ಕನ ತಟ್ಟೆಯ ಅಂಚಿನಲ್ಲಿ ಅರ್ಧ ಬದನೆಕಾಯಿ, ಒಂದು ತುಂಡು ರೊಟ್ಟಿ ನೀಟಾಗಿ ಕೂತಿದ್ದವು.

ನೇಹಾಳಿಗೆ ಹುರುಪು ಬಂತು. "ಮರಿಯಂ, ಇವರ ಊರಿನ ಸ್ಪೆಷಲ್ ಗೊತ್ತಾ ನಿಂಗೆ? ಸುವರ್ಣ ಮಾಡಿದ್ದಳಲ್ಲ, ಫಸ್ಟ್ ವೀಕಲ್ಲಿ!" ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಎದ್ದು ನಿಂತು, ಖಾಲಿ ತಟ್ಟೆ ಎತ್ತಿ, ಕಣ್ಣು ತಿರುಗಿಸಿ, ಗಟಗಟ ಎಂದು ಅಭಿನಯಿಸಿದಳು. ಕೆಟ್ಟ ಹುಡುಗಿ ಏನಲ್ಲ. ನನ್ನ ಹಾಗೆಯೇ, ನಗಿಸುವ ಚಟ. ಆದರೆ ಕಸುಬುದಾರನಾಗಿ ಹೇಳುತ್ತೇನೆ, ಅಭಿನಯ ಕಳಪೆ. ಅದಕ್ಕಿಂತ ಕೆಟ್ಟದ್ದೆಂದರೆ, ಅಕ್ಕನೂ ನಕ್ಕಳು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಜ್ಜಿಗೆ ತಿಳಿಯಲಿಲ್ಲ. ಏಕೆ ಹಾಗೆ ಮಾಡುತ್ತಾರೆಂದು ಮರಿಯಂಳ ಮೂಲಕ ಅಕ್ಕನನ್ನು ಕೇಳಿದಳು.

"ಏನಿಲ್ಲ, ಹಳ್ಳಿಯವರ ಹಳೆ ಅಭ್ಯಾಸ" ಎಂದು ಅಕ್ಕ ಇಂಗ್ಲಿಷಿನಲ್ಲಿ ಹೇಳತೊಡಗಿದಳು.

"ಅಕ್ಕಾ" ಅಂದೆ ನಾನು. ಜೀವನದಲ್ಲಿ ಅಪರೂಪಕ್ಕೆ ನನ್ನದೇ ಧ್ವನಿಯಲ್ಲಿ. "ನಮ್ಮ ಅಜ್ಜಿ ಇಲ್ಲಿ ಕುಂತಿದ್ರ ಹಿಂಗ ಅಂತಿದ್ಯಾ?"

ನೇಹಾ ನಗುವುದನ್ನು ನಿಲ್ಲಿಸಿದಳು. ಅಕ್ಕ ನನ್ನನ್ನು ಕೊಲ್ಲುವ ಹಾಗೆ ನೋಡಿದಳು. ಆಮೇಲೆ ಆ ಅರ್ಧ ಬದನೆಕಾಯಿಯನ್ನು ನೋಡಿದಳು. ರೊಟ್ಟಿಯ ತುಂಡಿನಿಂದ ಅದನ್ನು ಎತ್ತಿ ಬಾಯಿಗಿಟ್ಟುಕೊಂಡಳು. ಬೆರಳಿನಿಂದ ತಟ್ಟೆ ಬಳಿದಳು. ನೀರಿನ ಹೂಜಿ ಎಳೆದು, ತಟ್ಟೆಗೆ ನೀರು ಹಾಕಿ, ಸುತ್ತ ಆಡಿಸಿ ಎತ್ತಿದಳು. ನೇಹಾಳ ಕೈ ರೂಢಿಯಂತೆ ಫೋನಿನ ಕಡೆ ಹೋಯಿತು.

"ತೆಗೀಬೇ, ಚಲೋತ್ನಾಗಿ ತೆಗಿ" ಅಂದಳು ಅಕ್ಕ. "ಹೋದ ಸಲ ಅಲ್ಲಾಡಿತ್ತು."

ಕುಡಿದಳು. ಹನಿ ಉಳಿಸದೆ ಕುಡಿದಳು. ನೇಹಾ ಫೋನನ್ನು ಮಗುಚಿ ಇಟ್ಟಳು.

ಈಗ ಆ ಅಜ್ಜಿ ಕಣ್ಣೀರು ಹಾಕಿ ಅಕ್ಕನನ್ನು ಅಪ್ಪಿಕೊಂಡಳು ಎಂದು ನೀವು ಕಾಯುತ್ತಿದ್ದರೆ ಕ್ಷಮಿಸಿ. ಅವಳು ಕಂಡದ್ದು ಒಂದೇ: ಖಾಲಿ ತಟ್ಟೆ. ಸೌಟು ಎತ್ತಿ ಮತ್ತೆ ನಾಲ್ಕು ಬದನೆಕಾಯಿಗೆ ಕೈಹಾಕಿದಳು.

ಅಕ್ಕ ಎರಡೂ ಕೈಗಳಿಂದ ತಟ್ಟೆ ಮುಚ್ಚಿಕೊಂಡು, ಕೊಟ್ಟಿಗೆಯ ಎಮ್ಮೆಗಳು ತಿರುಗುವ ಆ ಹಳೆಯ ಧ್ವನಿಯಲ್ಲಿ ಕೂಗಿದಳು: "ಸಾಕ್ರೀ ಯವ್ವಾ! ಹೊಟ್ಟಿ ತುಂಬ್ಯಾದ, ಇನ್ನ ಹಾಕಿದ್ರ ಒಡೀತದ!"

ಪರ್ವತಕ್ಕೆ ಕೇಳಿಸಿರಬೇಕು. ಅಜ್ಜಿಗಂತೂ ಪೂರ್ತಿ ತಿಳಿಯಿತು. ಸೌಟು ಇಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ವ್ಯಾನಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಅಕ್ಕ ನನ್ನನ್ನು ಬೈದಳು, ಅಪ್ಪಟ ನಮ್ಮ ಮಾತಿನಲ್ಲಿ. ನಾನು ಕಣ್ಣು ಮುಚ್ಚಿ ಪ್ರಸಾದದ ಹಾಗೆ ಕೇಳಿಸಿಕೊಂಡೆ.

ಜೇವರ್ಗಿಗೆ ಬನ್ನಿ. ಶರಣ್ಯಾ ಆಗಲೇ ಫೋನು ಹಿಡಿದು ನಿಂತಿದ್ದ. ನಾನು ತಾಟು ಬಳಿದೆ, ನೀರು ಹಾಕಿದೆ, ಆಡಿಸಿದೆ, ಕುಡಿದೆ.

"ಕಣ್ಣ ತಿರುಗಸಲಿಲ್ಲ, ತೇಗ್ಲಿಲ್ಲ" ಎಂದು ಆಕ್ಷೇಪಿಸಿದ ಶರಣ್ಯಾ. "ಐಟಂ ಅರ್ಧಕ್ಕ ಬಿಟ್ಟಿ."

"ಐಟಂ ಅಲ್ಲಲೇ. ಊಟ."

ಟಬ್ಬಿನ ಕಡೆ ಹೋಗದೆ ಅದೇ ತಾಟು ಹಿಡಿದು ಮತ್ತೆ ಸಾಲಿಗೆ ನಿಂತೆ. ಹೋಳಿಗೆ ನೀಡುವವನು ಮುಖ ಕಿವುಚಿದ. "ಇದು ಉಂಡಿದ್ದದರಿ. ಹೊಸಾ ತಾಟ ತೊಗೊಂಡು ಬರ್ರಿ."

"ಈ ಮಂಟಪದಾಗ ಇದರಕಿಂತ ಸ್ವಚ್ಛ ತಾಟ ಇದ್ರ ತೋರಸ್ರಿ" ಅಂದೆ.

ಅವನು ತಾಟಿನೊಳಗೆ ಬಗ್ಗಿ ನೋಡಿದ. ತನ್ನದೇ ಮುಖ ಕಂಡಿರಬೇಕು. ಎರಡು ಹೋಳಿಗೆ ಹಾಕಿದ.